ತ್ಸುಬಾದ ಮೇಲಿನ ಹೆಸರು: ಓದುವುದು ಹೇಗೆ, ನಂಬುವುದು ಎಷ್ಟು?

ಪ್ರಶ್ನೆ: ನಾನು ನಾಲ್ಕು ವರ್ಷಗಳಿಂದ ಕ್ಯೋಟೋದಲ್ಲಿ ಕೆಲಸದಲ್ಲಿದ್ದೇನೆ. ತೋಜಿ ದೇವಾಲಯದ ಆವರಣದಲ್ಲಿ ಪ್ರತಿ ತಿಂಗಳ 21ರಂದು ಸೇರುವ ಸಂತೆಯಲ್ಲಿ ಹಳೆಯ ಜಪಾನಿ ಕತ್ತಿಯ ಕಬ್ಬಿಣದ ತ್ಸುಬಾ (ಹಿಡಿಗೂ ಅಲಗಿಗೂ ನಡುವಿನ ಬಿಲ್ಲೆ) ಒಂದನ್ನು ಕೊಂಡೆ. ಪೈನ್ ಮರಗಳ ನಡುವೆ ಕುದುರೆ ಸವಾರರು ಕಾದಾಡುವ ದೃಶ್ಯವನ್ನು ಆರಪಾರ ಕೆತ್ತಿದ್ದಾರೆ, ಅಲ್ಲಲ್ಲಿ ಚಿನ್ನ ಬೆಳ್ಳಿ ಕೂರಿಸಿದ್ದಾರೆ. ನಡುವಿನ ಕಂಡಿಯ ಬಲಕ್ಕೆ 5, ಎಡಕ್ಕೆ 8 ಅಕ್ಷರಗಳಿವೆ. ಇದು 18ನೆಯ ಶತಮಾನದ ಸೋತೆನ್ ಎಂಬ ದೊಡ್ಡ ಕುಶಲಕರ್ಮಿಯ ಸಹಿ ಎಂದು ಮಾರಿದವರು ಹೇಳಿದರು. ಜಪಾನಿ ಸಹೋದ್ಯೋಗಿಯೊಬ್ಬರು ನೋಡಿ, ಸಹಿ ಸುಳ್ಳು ಎಂದರು. ಯಾರ ಮಾತು ಸರಿ? ಇಂಥ ಸಹಿಗಳನ್ನು ಗುರುತಿಸುವುದು ಹೇಗೆ? ಬೆಳ್ಳಿಯ ಭಾಗ ಕಪ್ಪಾಗಿದೆ, ಉಜ್ಜಿ ತೊಳೆಯಬಹುದೇ? ಆರು ಚಿತ್ರಗಳನ್ನು ಕಳುಹಿಸಿದ್ದೇನೆ.

ಉತ್ತರ: ಮೊದಲು ಸಹಿಯನ್ನು ಓದಿಬಿಡೋಣ. ಬಲಗಡೆಯ ಐದು ಅಕ್ಷರಗಳು ‘ಗೋಶೂ ಹಿಕೊನೆ ಜೂ’; ಎಡಗಡೆಯ ಎಂಟು ಅಕ್ಷರಗಳು ‘ಸೋಹೇಶಿ ನ್ಯೂದೋ ಸೋತೆನ್ ಸೇ’. ಗೋಶೂ ಸೀಮೆಯ ಹಿಕೊನೆಯಲ್ಲಿ ವಾಸವಾಗಿರುವ, ಸೋಹೇಶಿ ಎಂಬ ಕಲಾನಾಮದ, ತಲೆ ಬೋಳಿಸಿ ಬೌದ್ಧ ದೀಕ್ಷೆ ಪಡೆದ ಸೋತೆನ್ ಮಾಡಿದ್ದು ಎಂಬುದು ಇದರ ಅರ್ಥ. ಮಾರಿದವರು ಓದಿದ್ದರಲ್ಲಿ ತಪ್ಪಿಲ್ಲ. ಆದರೆ ಓದು ಸರಿಯಾದ ಮಾತ್ರಕ್ಕೆ ಸಹಿ ಆ ವ್ಯಕ್ತಿಯದೇ ಆಗಿಬಿಡುವುದಿಲ್ಲ. ಚಿತ್ರಗಳಲ್ಲಿ ಕಾಣುವಷ್ಟನ್ನು ಆಧರಿಸಿ ಹೇಳುವುದಾದರೆ, ಇದು ಎದೋ ಕಾಲದ ಕೊನೆಯ ಭಾಗದಲ್ಲಿ, ಅಂದರೆ 19ನೆಯ ಶತಮಾನದಲ್ಲಿ, ಹಿಕೊನೆ ಶೈಲಿಯನ್ನು ಹಿಡಿದು ಯಾವುದೋ ಕಾರ್ಯಾಗಾರದಲ್ಲಿ ಕೈಯಿಂದಲೇ ಕೆತ್ತಿದ ವಸ್ತು. ಸೋತೆನ್‌ನ ಸ್ವಂತ ಕೈಕೆಲಸವಲ್ಲ. ಆದರೂ ನಿಮ್ಮ ಸಹೋದ್ಯೋಗಿ ಬಳಸಿದ ‘ಸುಳ್ಳು’ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಬಳಸಲಾರೆ. ಏಕೆ ಎಂಬುದನ್ನು ವಿವರಿಸಲು ಸ್ವಲ್ಪ ಜಾಗ ಬೇಕಾಗುತ್ತದೆ.

ತ್ಸುಬಾ ಎಂದರೆ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆ. ಅದರ ನಡುವಿನ ಉದ್ದನೆಯ ಕಂಡಿಯಲ್ಲಿ ಅಲಗಿನ ಬಾಲ ಹಾದುಹೋಗುತ್ತದೆ. ಕಂಡಿಯ ಸುತ್ತಲಿನ ಅಂಡಾಕಾರದ ಸಮತಟ್ಟು ಜಾಗಕ್ಕೆ ಸೆಪ್ಪಾದಾಯ್ ಎನ್ನುತ್ತಾರೆ. ಸೆಪ್ಪಾ ಎಂಬ ತೆಳು ತಗಡಿನ ಬಿಲ್ಲೆ ಅಲ್ಲಿ ಒತ್ತಿ ಕೂರುತ್ತದೆ. ಸಹಿ ಸಾಮಾನ್ಯವಾಗಿ ಇರುವುದೂ ಅಲ್ಲಿಯೇ. ಎಂದರೆ ಕತ್ತಿ ಜೋಡಿಸಿದ ಮೇಲೆ ಸಹಿ ಯಾರಿಗೂ ಕಾಣುವುದಿಲ್ಲ. ನೋಡುವವರಿಗೆ ತೋರಿಸಲು ಕೆತ್ತಿದ ಹೆಸರಲ್ಲ ಅದು. ಬಿಚ್ಚಿದವರಿಗೆ ಮಾತ್ರ ಸಿಗುವ ಮಾತು. ಓದುವಾಗ ಬಿಲ್ಲೆಯನ್ನು ಹಿಡಿಯುವ ಬಗೆಯೂ ಗೊತ್ತಿರಬೇಕು. ಕಂಡಿಯ ಚೂಪು ತುದಿ ಅಲಗಿನ ಬಾಯಿಯ ಕಡೆಗೆ, ಅಗಲದ ತುದಿ ಬೆನ್ನಿನ ಕಡೆಗೆ ಇರುತ್ತದೆ. ಚೂಪು ತುದಿಯನ್ನು ಮೇಲಕ್ಕೆ ಮಾಡಿ, ಹಿಡಿಯ ಕಡೆಯ ಮುಖವನ್ನು ನಮ್ಮತ್ತ ತಿರುಗಿಸಿ, ಬಲಗಡೆಯ ಸಾಲನ್ನು ಮೇಲಿನಿಂದ ಕೆಳಗೆ ಮೊದಲು ಓದಬೇಕು, ಆಮೇಲೆ ಎಡಗಡೆಯದನ್ನು. ನೀವು ಕಳುಹಿಸಿದ ಮೊದಲ ಎರಡು ಚಿತ್ರಗಳು ತಲೆಕೆಳಗಾಗಿದ್ದವು. ಇದು ಎಲ್ಲರೂ ಮಾಡುವ ತಪ್ಪು.

ಹೆಸರು ಓದಲು ಬಾರದವರೂ ಊರನ್ನು ಓದಲು ಕಲಿಯಬಹುದು. ನಾನು ಯಾರಿಗಾದರೂ ಮೊದಲು ಹೇಳಿಕೊಡುವುದು ಎರಡೇ ಅಕ್ಷರಗಳನ್ನು. ಒಂದು ‘ಶೂ’, ಸೀಮೆ ಎಂದರ್ಥ: ಮೂರು ಉದ್ದ ಗೀಟುಗಳು, ಅವುಗಳ ಪಕ್ಕದಲ್ಲಿ ನೀರಿನ ಹನಿಗಳಂತೆ ಮೂರು ಚುಕ್ಕೆಗಳು. ಇನ್ನೊಂದು ‘ಜೂ’, ವಾಸಿಸುವವನು ಎಂದರ್ಥ: ಎಡಕ್ಕೆ ನಿಂತ ಮನುಷ್ಯನ ಎರಡೇ ಗೀಟು, ಬಲಕ್ಕೆ ದೀಪದ ಕಂಬದಂತೆ ಮೂರು ಅಡ್ಡಗೆರೆ, ಒಂದು ನಡುಗಂಬ, ತುದಿಯಲ್ಲಿ ಕುಡಿಯಂತೆ ಒಂದು ಚುಕ್ಕೆ. ಈ ಎರಡನ್ನು ಗುರುತಿಸಿದರೆ ಅವುಗಳ ನಡುವೆ ಇರುವುದು ಊರು, ‘ಜೂ’ ಆದ ಮೇಲೆ ಬರುವುದು ಹೆಸರು ಎಂದು ಗೊತ್ತಾಗುತ್ತದೆ. ಬುಶೂ ಎಂದರೆ ಎದೋ (ಇಂದಿನ ಟೋಕಿಯೋ) ನಗರವಿದ್ದ ಮುಸಾಶಿ ಸೀಮೆ. ಚೋಶೂ ಎಂದರೆ ನಗಾತೋ, ಅಲ್ಲಿನ ಹಾಗಿ ಪಟ್ಟಣದಿಂದ ಬಂದ ಸಹಿಮಾಡಿದ ತ್ಸುಬಾಗಳು ರಾಶಿ ರಾಶಿ ಸಿಗುತ್ತವೆ. ಗೋಶೂ ಎಂದರೆ ಬಿವಾ ಸರೋವರದ ಸುತ್ತಲಿನ ಓಮಿ ಸೀಮೆ, ಇಂದಿನ ಶಿಗಾ ಪ್ರಾಂತ್ಯ. ಹಿಕೊನೆ ಆ ಸರೋವರದ ಪೂರ್ವ ದಡದ ಕೋಟೆಯೂರು, ‘ಈ’ (Ii) ಎಂಬ ಹೆಸರಿನ ಮನೆತನದ ದೊರೆಗಳ ರಾಜಧಾನಿ. ಕ್ಯೋಟೋದಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಹೋಗಿ ನೋಡಿ ಬರಬಹುದಾದ ಜಾಗ.

ಕೊನೆಯ ಅಕ್ಷರವನ್ನೂ ಗಮನಿಸಬೇಕು. ‘ಸಕು’, ‘ಸೇ’ ಎಂದಿದ್ದರೆ ಮಾಡಿದ್ದು. ‘ಕೊಕು’ ಎಂದಿದ್ದರೆ ಕೆತ್ತಿದ್ದು. ‘ಉತ್ಸುಸು’ ಎಂದು ಬಂದರೆ ಹಳೆಯದೊಂದನ್ನು ನೋಡಿ ಪ್ರತಿ ಮಾಡಿದ್ದೇನೆ ಎಂದು ಕುಶಲಕರ್ಮಿಯೇ ಒಪ್ಪಿಕೊಂಡಂತೆ. ಕೆಲವರು ವಯಸ್ಸನ್ನೂ ಕೆತ್ತುತ್ತಾರೆ. ಹೆಸರಿನ ಕೆಳಗೆ ಕಾಓ ಎಂಬ ಅಂಕಿತವನ್ನೂ ಹಾಕುತ್ತಾರೆ. ಕಾಓ ಅಕ್ಷರವಲ್ಲ, ಓದಲು ಬರುವಂಥದ್ದೂ ಅಲ್ಲ. ಬಳ್ಳಿ ಸುತ್ತಿದಂತೆ ಇರುವ, ಒಬ್ಬೊಬ್ಬರಿಗೆ ಒಂದೊಂದಾದ ಗುರುತು. ಹೆಸರಿಗಿಂತ ಇದನ್ನು ಅನುಕರಿಸುವುದು ಕಷ್ಟ, ಆದ್ದರಿಂದ ಹೋಲಿಸಿ ನೋಡುವವರಿಗೆ ಇದರಿಂದ ಹೆಚ್ಚು ಸಹಾಯ.

ಹೆಸರಿನ ಉಚ್ಚಾರಣೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ‘ತೋಶಿ’ ಎಂಬ ಒಂದೇ ಸದ್ದನ್ನು ಐದಾರು ಬೇರೆ ಬೇರೆ ಅಕ್ಷರಗಳಲ್ಲಿ ಬರೆಯಬಹುದು. ಒಂದೇ ಜೋಡಿ ಅಕ್ಷರಗಳನ್ನು ಎರಡು ಬಗೆಯಲ್ಲಿ ಓದಬಹುದು. ನಾರಾ ಎಂಬ ಕೆತ್ತನೆಗಾರರ ಪರಂಪರೆಯ ಮೂವರು ದೊಡ್ಡವರಲ್ಲಿ ಒಬ್ಬನನ್ನು ಕೆಲವರು ತೋಶಿನಾಗಾ ಎಂದೂ ಕೆಲವರು ತೋಶಿಹಿಸಾ ಎಂದೂ ಓದುತ್ತಾರೆ. ಕೆತ್ತಿದ ಅಕ್ಷರಗಳು ಎರಡಕ್ಕೂ ಅವೇ. ಆದ್ದರಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಸದ್ದನ್ನಲ್ಲ, ಅಕ್ಷರದ ಆಕಾರವನ್ನು ಬರೆದಿಟ್ಟುಕೊಳ್ಳಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಹಿಯನ್ನು ಕೊನೆಯಲ್ಲಿ ಓದಬೇಕು. ಬಿಲ್ಲೆಯನ್ನು ಕೈಗೆತ್ತಿಕೊಂಡ ಕೂಡಲೇ ಸೆಪ್ಪಾದಾಯ್ ಮೇಲೆ ಬೆರಳಿಟ್ಟು ಮುಚ್ಚಿ, ಕಬ್ಬಿಣದ ಬಣ್ಣ, ಅಂಚಿನ ದುಂಡು, ದಪ್ಪ, ಕೆತ್ತನೆಯ ಆಳ, ಚಿನ್ನ ಕೂತ ರೀತಿ, ಇವನ್ನೆಲ್ಲ ನೋಡಿ, ಇದು ಯಾವ ಕಾಲದ್ದು, ಯಾವ ಪರಂಪರೆಯದು, ಎಷ್ಟು ಒಳ್ಳೆಯ ಕೈಯದು ಎಂದು ಮನಸ್ಸಿನಲ್ಲೇ ತೀರ್ಮಾನಿಸಬೇಕು. ಆಮೇಲೆ ಬೆರಳು ತೆಗೆದು ಸಹಿ ಓದಬೇಕು. ಕೆಲಸ ಹೇಳಿದ್ದಕ್ಕೂ ಹೆಸರು ಹೇಳುವುದಕ್ಕೂ ತಾಳೆಯಾದರೆ ಸಹಿಗೆ ಬೆಲೆ. ಆಗದಿದ್ದರೆ ಕೆಲಸದ ಮಾತನ್ನೇ ನಂಬಬೇಕು. ನಾನು ಈ ವಿದ್ಯೆಯನ್ನು ಕಲಿಯುತ್ತಿದ್ದ ಕಾಲದಲ್ಲಿ ಹೆಸರನ್ನು ಮೊದಲು ಓದಿ, ಆ ಹೆಸರಿನ ಖುಷಿಯಲ್ಲಿ ಕೆಲಸವನ್ನು ನೋಡಿ, ಯೊಕೊಯಾ ಸೋಮಿನ್ ಎಂದುಕೊಂಡು ಒಂದು ಕೊಜುಕಾ, ಎಂದರೆ ಕತ್ತಿಯ ಒರೆಗೆ ಸೇರಿಸಿಡುವ ಪುಟ್ಟ ಚಾಕುವಿನ ಹಿಡಿ, ಕೊಂಡಿದ್ದೆ. ಸೋಮಿನ್ (1670–1733) ಎದೋದಲ್ಲಿ ಗೀಟಿನ ಒಂದು ಬದಿ ಆಳವಾಗಿ, ಇನ್ನೊಂದು ಬದಿ ಓರೆಯಾಗಿ ಬರುವಂತೆ ಕುಂಚದ ಬೀಸನ್ನೇ ಉಳಿಯಲ್ಲಿ ತಂದವನು. ನನ್ನ ಕೊಜುಕಾದ ಸಿಂಹದ ಕೇಸರದಲ್ಲಿ ಆ ಬೀಸು ಇರಲೇ ಇಲ್ಲ. ಗೀಟುಗಳೆಲ್ಲ ಒಂದೇ ಅಗಲ, ಒಂದೇ ಆಳ. ಅದು ನನಗೆ ಕಾಣಲು ಎರಡು ವರ್ಷ ಹಿಡಿಯಿತು.

ಈ ಕ್ರಮವನ್ನು ಅಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಅತ್ಯುತ್ತಮ ಕೆಲಸಗಳಲ್ಲಿ ಬಹಳಷ್ಟಕ್ಕೆ ಸಹಿಯೇ ಇಲ್ಲ. ಹಳೆಯ ಕಬ್ಬಿಣದ ತ್ಸುಬಾಗಳು, ಓವಾರಿ ಮತ್ತು ಕ್ಯೋಟೋದ ಆರಪಾರ ಕೆತ್ತನೆಯವು, ಹಿಗೋ ಸೀಮೆಯ ಹಯಾಶಿ, ಹಿರಾತಾ, ನಿಶಿಗಾಕಿ, ಶಿಮಿಜು ಮನೆಗಳವು ಬಹುಪಾಲು ಸಹಿಯಿಲ್ಲದವು. ಕತ್ತಿಯ ಅಲಂಕಾರಗಳನ್ನು ಕೆತ್ತುತ್ತಿದ್ದ ಗೋತೋ ಮನೆತನದ ಮೊದಲಿಗ ಯೂಜೋ (1440–1512) ಕೆಲಸಗಳಿಗೂ ಅವನ ಸಹಿ ಇರುವುದಿಲ್ಲ. ಆ ಮನೆತನದ ಮುಖ್ಯ ಶಾಖೆ ಹದಿನೇಳು ತಲೆಮಾರು ನಡೆಯಿತು. ಮುಂದಿನವರು ಹಿರಿಯರ ಕೆಲಸವನ್ನು ಪರೀಕ್ಷಿಸಿ, ಅದು ಯಾರದು ಎಂದು ತಾವೇ ಕೆತ್ತಿ ತಮ್ಮ ಅಂಕಿತ ಹಾಕಿದರು. ಹೀಗಾಗಿ ಕೊಜುಕಾದ ಹಿಂಬದಿಯಲ್ಲಿ ‘ಮೊನ್ ಯೂಜೋ, ಮಿತ್ಸುತಕಾ’ ಎಂದಿದ್ದರೆ, ಆಕೃತಿಗಳು ಯೂಜೋ ಮಾಡಿದವು, ಅದನ್ನು ದೃಢಪಡಿಸುವವನು ಹದಿಮೂರನೆಯ ತಲೆಮಾರಿನ ಮಿತ್ಸುತಕಾ ಎಂದು ತಿಳಿಯಬೇಕು. ಎರಡನೆಯ ಹೆಸರು ಮಾಡಿದವನದಲ್ಲ, ಸಾಕ್ಷಿ ಹೇಳಿದವನದು.

ಸೋತೆನ್‌ಗೆ ಬರೋಣ. ಕಿತಗಾವಾ ಸೋತೆನ್ ಹಿಕೊನೆಯಲ್ಲಿ ಕಬ್ಬಿಣದ ಬಿಲ್ಲೆಯನ್ನು ಆರಪಾರ ಕೊರೆದು, ಯೋಧರನ್ನೂ ಚೀನಾದ ಋಷಿಗಳನ್ನೂ ಪುಟ್ಟ ಮೂರ್ತಿಗಳಂತೆ ನಿಲ್ಲಿಸಿ, ಮುಖಕ್ಕೆ ಬೆಳ್ಳಿ, ಕವಚಕ್ಕೆ ಚಿನ್ನ ಕೂರಿಸುವ ಶೈಲಿಗೆ ಹೆಸರಾದವನು. ಆ ಹೆಸರನ್ನು ಒಂದಕ್ಕಿಂತ ಹೆಚ್ಚು ತಲೆಮಾರು ಬಳಸಿತು. ಕೆಲಸ ಎಷ್ಟು ಜನಪ್ರಿಯವಾಯಿತೆಂದರೆ, ಹಿಕೊನೆಯ ಒಳಗೂ ಹೊರಗೂ, ದೂರದ ಐಜುವಿನವರೆಗೂ, ಅದೇ ಬಗೆಯ ಬಿಲ್ಲೆಗಳನ್ನು ಕೆತ್ತುವವರು ಹುಟ್ಟಿಕೊಂಡರು. ಕೆತ್ತುವಾಗ ಆ ಹದಿಮೂರು ಅಕ್ಷರಗಳನ್ನೂ ವಿನ್ಯಾಸದ ಒಂದು ಭಾಗವೆಂಬಂತೆ ಜೊತೆಗೇ ಕೆತ್ತಿದರು. ಆ ಮೂಲ ಕೈಯದೆಂದು ಒಪ್ಪಬಹುದಾದವು ಈ ಹೆಸರು ಹೊತ್ತ ತ್ಸುಬಾಗಳಲ್ಲಿ ಬಹಳ ವಿರಳ. ಎಚಿಜೆನ್ ಸೀಮೆಯ ಕಿನಾಯ್ ಹೆಸರೂ ಹೀಗೆಯೇ: ‘ಎಚಿಜೆನ್ ಜೂ, ಕಿನಾಯ್ ಸಕು’ ಎಂಬುದು ಒಬ್ಬನ ಸಹಿಯಲ್ಲ, ತಲೆಮಾರುಗಳ ಕಾಲ ನಡೆದ ಮನೆಯ ಹೆಸರು. ಮೊಮೊಯಾಮಾ ಕಾಲದ (16ನೆಯ ಶತಮಾನದ ಕೊನೆ) ನೊಬುಯಿಯೆ ಎಂಬ ತ್ಸುಬಾ ಕುಶಲಕರ್ಮಿಯ ಸಹಿಯಲ್ಲಂತೂ ಅಕ್ಷರಗಳನ್ನು ದೂರ ದೂರ ಬಿಡಿಸಿ ಬರೆದ ಕೈ ಒಂದು, ದಪ್ಪಗೆ ಬರೆದ ಕೈ ಇನ್ನೊಂದು ಎಂದು ಬಲ್ಲವರು ಬಹಳ ಹಿಂದೆಯೇ ಬೇರ್ಪಡಿಸಿದ್ದಾರೆ.

ಹಾಗಾದರೆ ಮೋಸವೇ ಇಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. 1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಸಾವಿರಾರು ಕತ್ತಿಗಳ ಅಲಂಕಾರಗಳು ಒಮ್ಮೆಲೇ ಕೆಲಸವಿಲ್ಲದ ವಸ್ತುಗಳಾದವು. ಯುರೋಪು, ಅಮೆರಿಕದ ಸಂಗ್ರಾಹಕರು ಅವನ್ನು ಮೊರಗಟ್ಟಲೆ ಕೊಂಡರು. ಹೆಸರಿದ್ದ ವಸ್ತುವಿಗೆ ಹೆಚ್ಚು ಬೆಲೆ ಬರುತ್ತದೆ ಎಂದು ಕಂಡ ಮೇಲೆ ಸಹಿಯಿಲ್ಲದ ಹಳೆಯ ಒಳ್ಳೆಯ ಬಿಲ್ಲೆಗಳಿಗೆ ದೊಡ್ಡ ಹೆಸರುಗಳನ್ನು ಹೊಸದಾಗಿ ಕೆತ್ತುವುದು ನಡೆಯಿತು. ಯೊಕೊಹಾಮಾ ಬಂದರಿನಿಂದ ಹೊರಗೆ ಕಳುಹಿಸಲೆಂದೇ ಅಗ್ಗವಾಗಿ ಮಾಡಿದ ಸರಕಿಗೆ ‘ಹಮಾಮೊನೊ’ ಎಂಬ ಹೆಸರೇ ಬಿದ್ದಿದೆ. ಮೇಜಿ ಸರ್ಕಾರದ ಹೊಸ ನಾಣ್ಯಗಳ ಅಚ್ಚಿಗೆ ಮಾದರಿ ಕೆತ್ತಿದ ಕಾನೋ ನತ್ಸುವೋ (1828–1898) ಅಂಥ ದೊಡ್ಡ ಕುಶಲಕರ್ಮಿ ಇನ್ನೂ ಬದುಕಿದ್ದಾಗಲೇ ಇದೆಲ್ಲ ನಡೆಯಿತು ಎಂಬುದನ್ನು ನೆನೆದಾಗ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ. ಶತಮಾನಗಳ ಕೈಚಳಕಕ್ಕೆ ಒಂದೇ ಆಜ್ಞೆಯಿಂದ ಗಿರಾಕಿಯೇ ಇಲ್ಲದಂತಾಯಿತು.

ಆಮೇಲೆ ಕೆತ್ತಿದ ಸಹಿಯನ್ನು ವಸ್ತುವಿನೊಂದಿಗೇ ಹುಟ್ಟಿದ ಸಹಿಯಿಂದ ಬೇರ್ಪಡಿಸುವುದು ಭೂತಗನ್ನಡಿ ಮತ್ತು ಓರೆ ಬೆಳಕಿನ ಕೆಲಸ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಗಾಜು ಸಾಕು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಬಿಲ್ಲೆಯ ಪಕ್ಕಕ್ಕೆ ಮಲಗಿಸಿ ಹಿಡಿದರೆ ಪ್ರತಿ ಗೀಟಿನ ಒಂದು ದಡದಲ್ಲಿ ನೆರಳು ಬೀಳುತ್ತದೆ. ಕುಶಲಕರ್ಮಿ ತಗಾನೆ ಎಂಬ ಪುಟ್ಟ ಉಳಿಯನ್ನು ಓರೆಯಾಗಿ ಹಿಡಿದು, ಸುತ್ತಿಗೆಯಿಂದ ತಟ್ಟುತ್ತ ತಟ್ಟುತ್ತ ಮುಂದೆ ನಡೆಸುತ್ತಾನೆ. ಆದ್ದರಿಂದ ಗೀಟು ಎಳೆದ ಗೆರೆಯಂತೆ ಇರುವುದಿಲ್ಲ. ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂಡಿದ ಮೂಲೆಮೂಲೆಯ ಗುಳಿಗಳ ಸಾಲಾಗಿರುತ್ತದೆ. ಎರಕ ಹೊಯ್ದ ನಕಲಿನಲ್ಲಿ ಈ ಗುಳಿಗಳು ಮಸುಕಾಗಿ, ತಳ ಮೇಣದಂತೆ ನುಣ್ಣಗಿರುತ್ತದೆ. ಅಂಥದ್ದನ್ನು ಅಲ್ಲಿಗೇ ಬಿಟ್ಟುಬಿಡಬಹುದು. ಉಳಿ ಹೋದಲ್ಲಿ ಲೋಹ ಪಕ್ಕಕ್ಕೆ ಸರಿದು ಕೂದಲೆಳೆಯಷ್ಟು ಎತ್ತರದ ದಡ ಏಳುತ್ತದೆ. ಹಳೆಯ ಸಹಿಯಲ್ಲಿ ಆ ದಡ ಸೆಪ್ಪಾದ ಒತ್ತಡಕ್ಕೆ ಚಪ್ಪಟೆಯಾಗಿರುತ್ತದೆ, ಗುಳಿಯ ತಳದ ಬಣ್ಣವೂ ಮೈಬಣ್ಣವೂ ಒಂದೇ ಆಗಿರುತ್ತದೆ. ಹೊಸದರಲ್ಲಿ ದಡ ಬೆರಳಿಗೆ ತರಚುತ್ತದೆ, ತಳದ ಬಣ್ಣ ಬೇರೆ ಕಾಣುತ್ತದೆ, ಇಲ್ಲವೇ ಅದನ್ನು ಮುಚ್ಚಲು ಸವರಿದ ಕಪ್ಪು ಕಾಣುತ್ತದೆ.

ಕೈಯ ಓಟವನ್ನೂ ನೋಡಬೇಕು. ಕನ್ನಡ ಬಾರದವರು ‘ಳ’ ಅಕ್ಷರವನ್ನು ನೋಡಿ ಬರೆದರೆ ಆಕಾರ ಸರಿಯಾಗಿಯೇ ಬಂದರೂ ಅದು ಬರೆದದ್ದಲ್ಲ, ಚಿತ್ರ ಬಿಡಿಸಿದ್ದು ಎಂದು ನಮಗೆ ತಕ್ಷಣ ತಿಳಿಯುತ್ತದೆಯಲ್ಲ, ಇಲ್ಲಿಯೂ ಹಾಗೆಯೇ. ದಿನವೂ ತನ್ನ ಹೆಸರು ಕೆತ್ತುವವನ ಉಳಿ ಕೆಲವೆಡೆ ಹಗುರವಾಗಿ, ಕೆಲವೆಡೆ ಒತ್ತಿ ನಡೆಯುತ್ತದೆ. ಬೇರೊಬ್ಬನ ಹೆಸರನ್ನು ಮಾದರಿ ಇಟ್ಟುಕೊಂಡು ಕೆತ್ತುವವನು ಪ್ರತಿ ತಿರುವಿನಲ್ಲೂ ಒಂದು ಕ್ಷಣ ನಿಲ್ಲುತ್ತಾನೆ, ಆ ನಿಲುಗಡೆ ಲೋಹದಲ್ಲಿ ಉಳಿಯುತ್ತದೆ.

ಇಷ್ಟನ್ನು ನಿಮ್ಮ ನಾಲ್ಕನೆಯ ಮತ್ತು ಐದನೆಯ ಚಿತ್ರಗಳಲ್ಲಿ ನೋಡಿದೆ. ಗೋಶೂವಿನ ‘ಶೂ’ ಅಕ್ಷರದ ಮೂರು ಚುಕ್ಕೆಗಳೂ ಒಂದೇ ಓರೆ, ಒಂದೇ ಆಳ. ಎಲ್ಲಿಯೂ ತಡವರಿಕೆ ಇಲ್ಲ, ಎಲ್ಲಿಯೂ ಜೀವವೂ ಇಲ್ಲ. ಇದೇ ಅಕ್ಷರಗಳನ್ನು ನೂರಾರು ಸಲ ಕೆತ್ತಿ ಅಭ್ಯಾಸವಾದ ಕಾರ್ಯಾಗಾರದ ಕೈ ಇದು. ಗುಳಿಗಳ ತಳದಲ್ಲಿ ಕಬ್ಬಿಣದ ಕಪ್ಪು ಕಂದು ಬಣ್ಣ ಮೈಮೇಲಿನದಕ್ಕೆ ಕೂಡಿಕೊಂಡಿದೆ, ದಡಗಳು ಸವೆದಿವೆ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ‘ಸೇ’ ಅಕ್ಷರದ ಬಲ ಅಂಚು. ಬಿಲ್ಲೆಯನ್ನು ಅಲಗಿಗೆ ಬಿಗಿಯಾಗಿ ಕೂರಿಸಲು ಕಂಡಿಯ ಸುತ್ತ ಮೊಂಡು ಉಳಿಯಿಂದ ಗುದ್ದಿ ಲೋಹವನ್ನು ಒಳಕ್ಕೆ ತಳ್ಳುವ ರೂಢಿಯಿದೆ. ಅಂಥ ಒಂದು ಗುದ್ದು ಆ ಅಕ್ಷರದ ಗೀಟಿನ ಮೇಲೆಯೇ ಬಿದ್ದು ಅದನ್ನು ಅರ್ಧ ಮುಚ್ಚಿದೆ. ಎಂದರೆ ಗುದ್ದು ಬೀಳುವ ಮೊದಲೇ ಸಹಿ ಅಲ್ಲಿತ್ತು, ಮತ್ತು ಈ ಬಿಲ್ಲೆ ನಿಜವಾದ ಕತ್ತಿಯೊಂದರ ಮೇಲೆ ಕೂತಿತ್ತು. ಹೊರದೇಶದ ಗಿರಾಕಿಯನ್ನು ಮೋಸಗೊಳಿಸಲು ಆಮೇಲೆ ಸೇರಿಸಿದ ಹೆಸರಲ್ಲ ಇದು. ‘ಸುಳ್ಳು’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ನಾನು ಹೇಳುವುದು ಈ ಒಂದು ಗುದ್ದಿನ ಗುರುತಿನಿಂದ.

ಹಾಗಿದ್ದರೂ ಇದು ಸೋತೆನ್ ಕೈಯದಲ್ಲ ಎನ್ನಲು ಸಹಿ ಬೇಕಾಗಿಲ್ಲ, ಸವಾರರ ಮುಖಗಳೇ ಸಾಕು. ನಾಲ್ವರೂ ಒಂದೇ ಮುಖದವರು, ಒಂದೇ ದಿಕ್ಕಿಗೆ ನೋಡುತ್ತಾರೆ, ಕೊಲ್ಲುವವನಿಗೂ ಬೀಳುವವನಿಗೂ ಒಂದೇ ಹುಬ್ಬು. ಪೈನ್ ಎಲೆಗಳ ಗೊಂಚಲುಗಳನ್ನು ಅಚ್ಚೊತ್ತಿದಂತೆ ಮಾಡಲಾಗಿದೆ. ಬಿಲ್ಲೆಯನ್ನು ಓರೆ ಮಾಡಿ ಕೆತ್ತನೆಯ ತೂತುಗಳ ಒಳಗೋಡೆ ನೋಡಿದರೆ ಅರ ಆಡಿಸಿದ ಗೀರುಗಳು ಹಾಗೆಯೇ ಉಳಿದಿವೆ. ಮೊದಲ ದರ್ಜೆಯ ಹಿಕೊನೆ ಕೆಲಸದಲ್ಲಿ ಯಾರೂ ನೋಡದ ಆ ಒಳಗೋಡೆಯನ್ನೂ ನಯಗೊಳಿಸಿ ಮುಗಿಸಿರುತ್ತಾರೆ, ಪ್ರತಿ ಮುಖಕ್ಕೂ ಅದರದೇ ಭಾವವಿರುತ್ತದೆ.

ತ್ಸುಬಾ ಅಲ್ಲದೆ ಉಳಿದ ಭಾಗಗಳನ್ನು ನೀವು ಮುಂದೆ ಕೊಳ್ಳುವುದಾದರೆ ಸಹಿಯ ಜಾಗ ಬದಲಾಗುತ್ತದೆ ಎಂಬುದು ನೆನಪಿರಲಿ. ಹಿಡಿಯ ಬುಡದ ಬಳೆಯಾದ ಫುಚಿಯಲ್ಲಿ ತ್ಸುಬಾದ ಕಡೆಗಿರುವ ತಾಮ್ರದ ಮುಚ್ಚಳದ ಮೇಲೆ, ಕೊಜುಕಾದಲ್ಲಿ ಹಿಂಬದಿಯಲ್ಲಿ, ಹಿಡಿಯ ದಾರದ ಕೆಳಗೆ ಸೇರುವ ಮೆನುಕಿ ಜೋಡಿಯಲ್ಲಿ ಕೆಲವೊಮ್ಮೆ ಪುಟ್ಟ ಚಿನ್ನದ ಪಟ್ಟಿಗಳ ಮೇಲೆ ಸಹಿ ಇರುತ್ತದೆ. ಕೊಜುಕಾದ ಚಾಕುವಿನ ಅಲಗಿನ ಮೇಲೆ ಪ್ರಸಿದ್ಧ ಕಮ್ಮಾರರ ಹೆಸರು ಕಂಡರೆ ಅದಕ್ಕೂ ಹಿಡಿಯನ್ನು ಕೆತ್ತಿದವನಿಗೂ ಸಂಬಂಧವಿಲ್ಲ. ಅಂಥ ಹೆಸರುಗಳು ಬಹುಪಾಲು ಅಲಂಕಾರಕ್ಕೆ ಹಾಕಿದವು.

ತೊಳೆಯುವ ಪ್ರಶ್ನೆಗೆ ಉತ್ತರ: ಬೇಡ, ಯಾವ ಕಾರಣಕ್ಕೂ ಬೇಡ. ನಮ್ಮ ಮನೆಗಳಲ್ಲಿ ತಾಮ್ರ ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು ಹುಡುಕುವ ಕೈ ಇದೆ, ದೇವರ ಪಾತ್ರೆಗಳಿಗೆ ಅದು ಸರಿ. ಆದರೆ ಈ ವಸ್ತುಗಳಲ್ಲಿ ಬಣ್ಣವೇ ಕೆಲಸದ ಅರ್ಧ ಭಾಗ. ತಾಮ್ರಕ್ಕೆ ನೂರಕ್ಕೆ ಮೂರೋ ಐದೋ ಪಾಲು ಚಿನ್ನ ಬೆರೆಸಿ, ದ್ರಾವಣದಲ್ಲಿ ಕುದಿಸಿ ತರಿಸಿದ ಶಾಕುದೋ ಎಂಬ ಮಿಶ್ರಲೋಹದ ನೇರಳೆಗಪ್ಪು, ತಾಮ್ರ ಬೆಳ್ಳಿಗಳ ಶಿಬುಯಿಚಿಯ ಬೂದು, ಇವು ಕೊಳೆಯಲ್ಲ, ಬೇಕೆಂದೇ ತರಿಸಿದ ತೆಳು ಪದರ. ಹುಳಿ ತಗುಲಿದರೆ ಒಂದು ನಿಮಿಷದಲ್ಲಿ ಬರಿ ತಾಮ್ರದ ಕೆಂಪು ಹೊರಬರುತ್ತದೆ. ನಿಮ್ಮ ಬಿಲ್ಲೆಯ ಬೆಳ್ಳಿ ಕಪ್ಪಾಗಿರುವುದೂ ಕಾಲ ಕೊಟ್ಟ ಬಣ್ಣ. ಅದನ್ನು ಉಜ್ಜುವಾಗ ಪಕ್ಕದ ಕಬ್ಬಿಣದ ಬಣ್ಣ, ಸಹಿಯ ದಡ ಎರಡೂ ಹೋಗುತ್ತವೆ, ಜೊತೆಗೆ ಮೇಲೆ ನಾನು ಹೇಳಿದ ಸಾಕ್ಷಿಯೂ ಹೋಗುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ಬರಿಗೈಯಲ್ಲಿ ಸಮತಟ್ಟು ಭಾಗ ಮುಟ್ಟದೆ ಅಂಚನ್ನಷ್ಟೇ ಹಿಡಿದು, ತೇವವಿಲ್ಲದ ಜಾಗದಲ್ಲಿಡಿ. ಕ್ಯೋಟೋದ ಜೂನ್ ಜುಲೈ ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡುತ್ತಿರಿ.

ಅಧಿಕೃತ ಅಭಿಪ್ರಾಯ ಬೇಕೆನಿಸಿದರೆ ಜಪಾನಿ ಕಲಾಖಡ್ಗಗಳ ಸಂರಕ್ಷಣೆಗಾಗಿ 1948ರಲ್ಲಿ ಸ್ಥಾಪನೆಯಾದ ಸಂಘ ಟೋಕಿಯೋದಲ್ಲಿದೆ. 2018ರಿಂದ ಅದರ ಖಡ್ಗ ವಸ್ತುಸಂಗ್ರಹಾಲಯ ರ‍್ಯೋಗೊಕುವಿನಲ್ಲಿ ನಡೆಯುತ್ತಿದೆ. ಅಲ್ಲಿನ ಪರೀಕ್ಷಕರು ಕತ್ತಿಗಳಂತೆಯೇ ಅವುಗಳ ಅಲಂಕಾರಗಳನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಆದರೆ ಕೆಲಸಕ್ಕೂ ಸಹಿಗೂ ತಾಳೆಯಾಗದ ವಸ್ತುವಿಗೆ ಪತ್ರ ಸಿಗುವುದಿಲ್ಲ, ಆದ್ದರಿಂದ ಈ ಬಿಲ್ಲೆಗಾಗಿ ಆ ಖರ್ಚು ಮಾಡಿ ಎಂದು ನಾನು ಹೇಳಲಾರೆ. ಆ ಹಣದಲ್ಲಿ ಒಮ್ಮೆ ಟೋಕಿಯೋಗೆ ಹೋಗಿ ಒಪ್ಪಿತವಾದ ಕೆಲಸಗಳನ್ನು ಗಾಜಿನ ಹತ್ತಿರ ಮುಖವಿಟ್ಟು ನೋಡಿದರೆ ಹೆಚ್ಚು ಲಾಭ.

ನಿಮ್ಮ ಆರನೆಯ ಚಿತ್ರದಲ್ಲಿ ಬಿಲ್ಲೆಯ ಜೊತೆಗೆ ಬಂದ ಪೌಲೋನಿಯಾ ಮರದ ಪೆಟ್ಟಿಗೆಯ ಮುಚ್ಚಳ ಅರ್ಧ ಮಾತ್ರ ಕಾಣುತ್ತಿದೆ, ಅದರ ಒಳಮುಖದಲ್ಲಿ ಮಸಿಯ ಬರಹ ಇರುವಂತಿದೆ. ಅಂಥ ಬರಹವನ್ನು ಬಲ್ಲವರು ಬರೆದಿದ್ದರೆ ಬೆಲೆಯುಂಟು, ಆದರೆ ಪೆಟ್ಟಿಗೆಗಳನ್ನು ಬದಲಾಯಿಸುವುದು ಸಹಿ ಕೆತ್ತುವುದಕ್ಕಿಂತ ಸುಲಭ. ಒಳಗಿನ ಮೆತ್ತೆಯಲ್ಲಿ ಬಿಲ್ಲೆಗಾಗಿ ಕೊರೆದ ಗುಂಡಿಗೆ ನಿಮ್ಮ ತ್ಸುಬಾ ಸರಿಯಾಗಿ ಕೂರುತ್ತದೆಯೇ ನೋಡಿ, ಎತ್ತರ ಅಗಲಗಳನ್ನು ಮಿಲಿಮೀಟರಿನಲ್ಲಿ ಅಳೆದು, ಮುಚ್ಚಳದ ಪೂರ್ತಿ ಚಿತ್ರದೊಂದಿಗೆ ಕಳುಹಿಸಿಕೊಡಿ, ಓದಿ ತಿಳಿಸುತ್ತೇನೆ.